ನಿಮಗಿದು ಗೊತ್ತೇ? ಸೋತ ಹೃದಯಕ್ಕೂ ಲಕ್ವಾಕ್ಕೂ ಇರುವ ನಂಟು

‘ಪಂಪಿಂಗ್ ಕಮ್ಮಿ ಐತೆ’ ಎಂದು ಡಾಕ್ಟರು ಹೇಳಿದರೆ ಹೃದಯ ನಿಂತುಹೋಗುತ್ತಿದೆ ಎಂದಲ್ಲ, ಮೈಗೆ ಬೇಕಾದಷ್ಟು ರಕ್ತ ತಳ್ಳುವ ಶಕ್ತಿ ಅದಕ್ಕೆ ಕುಂದಿದೆ ಎಂದರ್ಥ. ಇದೇ ಹೃದಯ ವೈಫಲ್ಯ. ಇಂಥವರಿಗೆ ಲಕ್ವಾ ಹೊಡೆಯುವ ಸಂಭವ ಉಳಿದವರಿಗಿಂತ ಎರಡು-ಮೂರು ಪಟ್ಟು ಹೆಚ್ಚು. ಕಾಯಿಲೆ ಪತ್ತೆಯಾದ ಮೊದಲ ತಿಂಗಳಲ್ಲಂತೂ ಅಪಾಯ ಇನ್ನೂ ಜಾಸ್ತಿ. ಆಸ್ಪತ್ರೆಯಿಂದ ಮನೆಗೆ ಬಂದರು, ಇನ್ನೇನು ಚಿಂತೆಯಿಲ್ಲ ಎಂದು ಎಲ್ಲರೂ ಉಸಿರು ಬಿಡುವ ಹೊತ್ತದು.

ಹೃದಯದ ಎಕೋ ವರದಿಯಲ್ಲಿ ಇ.ಎಫ್., ಅಂದರೆ ಒಂದು ಬಡಿತಕ್ಕೆ ಹೊರಹೋಗುವ ರಕ್ತದ ಪಾಲು, 60 ಎಂದಿದ್ದರೆ ನೂರಕ್ಕೆ ಅರವತ್ತೇ ಅಂಕ ಬಂತೆಂದು ಗಾಬರಿಯಾಗಬೇಡಿ. ಯಾವ ಆರೋಗ್ಯವಂತ ಹೃದಯವೂ ತನ್ನೊಳಗಿನ ರಕ್ತವನ್ನೆಲ್ಲ ಒಂದೇ ಬಡಿತಕ್ಕೆ ಹೊರಹಾಕುವುದಿಲ್ಲ. 55ರ ಮೇಲಿದ್ದರೆ ಸಾಮಾನ್ಯ. 40 ಅಥವಾ ಅದಕ್ಕೂ ಕೆಳಗಿಳಿದರೆ ಪಂಪಿಂಗ್ ನಿಜಕ್ಕೂ ಕಡಿಮೆ.

ಹೃದಯದ ಕಾಯಿಲೆ ಮೆದುಳಿಗೆ ಹೋಗುವುದು ಹೇಗೆ? ರಕ್ತ ಪೂರಾ ಹೊರಹೋಗದೆ ಕೋಣೆಯೊಳಗೆ ತಂಗಿದರೆ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ಚೂರೊಂದು ಕುತ್ತಿಗೆಯ ರಕ್ತನಾಳ ಹಿಡಿದು ಮೇಲೇರಿ ಮೆದುಳಿನಲ್ಲಿ ಸಿಕ್ಕಿಕೊಂಡರೆ ಅದೇ ಲಕ್ವಾ. ಗಾಳಿ ಸೋಕಿದ್ದೂ ಅಲ್ಲ, ಯಾರ ಕಣ್ಣು ಬಿದ್ದದ್ದೂ ಅಲ್ಲ.

ಹೃದಯ ಸೋಲುತ್ತಿರುವ ಸುಳಿವು ಕಾಲಿನಲ್ಲೂ ಕಾಣಬಹುದು. ಮೊಳಕಾಲ್ಮುರು ರೇಷ್ಮೆ ಸೀರೆಗೆ ಭೌಗೋಳಿಕ ಸೂಚಕದ ಮನ್ನಣೆ ಇರುವುದು ಬಹಳ ಜನಕ್ಕೆ ಗೊತ್ತು. ಅದನ್ನು ನೇಯುವವರ ಕಾಲು ನೋಡಿದವರು ಕಡಿಮೆ. ಗುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಇಡೀ ದಿನ ಕೂತವರಿಗೆ ಸಂಜೆಗೆ ಪಾದ ಊದುವುದು ಹೊಸದಲ್ಲ. ಹಾಗಾಗಿ ಹೃದಯದಿಂದ ಬಂದ ಊತವನ್ನೂ ‘ಮಗ್ಗದ ಊತ’ ಎಂದುಕೊಂಡು ಸುಮ್ಮನಿದ್ದುಬಿಡುವ ಅಪಾಯವಿದೆ. ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಬಿಡಿ. ಗುಳಿ ಬಿದ್ದು ಹಾಗೇ ಉಳಿದರೆ, ಮಲಗಿದಾಗ ಉಸಿರು ಕಟ್ಟಿದಂತಾದರೆ, ಮೂರು ದಿನದಲ್ಲಿ ತೂಕ ಎರಡು ಕಿಲೋ ಏರಿದರೆ ತಡಮಾಡದೆ ಡಾಕ್ಟರನ್ನು ಕಾಣಬೇಕು.

ನಾಡಿ ಹಿಡಿದು ನೋಡುವುದಕ್ಕೆ ಕಾಸು ಖರ್ಚಿಲ್ಲ. ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಒಂದು ನಿಮಿಷ ಗಮನಿಸಿ. ಬಡಿತ ತಾಳ ತಪ್ಪಿ, ಒಮ್ಮೆ ಬೇಗ ಒಮ್ಮೆ ನಿಧಾನ ಬೀಳುತ್ತಿದ್ದರೆ ಇಸಿಜಿ ಮಾಡಿಸಲೇಬೇಕು. ಏಟ್ರಿಯಲ್ ಫಿಬ್ರಿಲೇಷನ್ ಎಂಬ ಈ ತಾಳಗೇಡು ಲಕ್ವಾದ ಅಪಾಯವನ್ನು ಸುಮಾರು ಐದು ಪಟ್ಟು ಏರಿಸುತ್ತದೆ. ಹೃದಯ ವೈಫಲ್ಯ ಇರುವವರಲ್ಲಿ ಇದು ಬಹಳ ಸಾಮಾನ್ಯ.

ಈ ತಾಳಗೇಡಿನಿಂದ ಬರುವ ಲಕ್ವಾ ತಡೆಯಲು ಆಸ್ಪಿರಿನ್ ಸಾಲದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಬೇರೆ ಮಾತ್ರೆಗಳೇ ಬೇಕು.

ಹಾಗೆಂದು ಪಂಪಿಂಗ್ ಕಡಿಮೆ ಇರುವ ಎಲ್ಲರಿಗೂ ಆ ಮಾತ್ರೆ ಬೇಕಿಲ್ಲ. ಬಡಿತದ ತಾಳ ಸರಿಯಿದ್ದ ಹೃದಯ ವೈಫಲ್ಯದ ರೋಗಿಗಳಲ್ಲಿ ಆಸ್ಪಿರಿನ್ ಮತ್ತು ಹೆಪ್ಪು ತಡೆಯುವ ವಾರ್ಫರಿನ್ ಎರಡನ್ನೂ ಹೋಲಿಸಿದ ವಾರ್ಸೆಫ್ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ವಾರ್ಫರಿನ್‌ನಿಂದ ಲಕ್ವಾ ಇಳಿಯಿತು, ಆದರೆ ರಕ್ತಸ್ರಾವ ಏರಿತು. ಒಟ್ಟಾರೆ ಲಾಭ ಕಾಣಲಿಲ್ಲ. ಪಕ್ಕದ ಮನೆಯವರ ಚೀಟಿ ನೋಡಿ ಮಾತ್ರೆ ತರಬಾರದೆನ್ನುವುದು ಇದಕ್ಕೇ.

ಈ ವಾರ್ಫರಿನ್ ಹುಟ್ಟಿದ್ದು ದನದ ಕಾಯಿಲೆಯಿಂದ! 1920ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕದಲ್ಲಿ ಬೂಸ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವು ತಿಂದ ದನಗಳು ರಕ್ತ ಸೋರಿ ಸತ್ತವು. ವಿಸ್ಕಾನ್ಸಿನ್‌ನ ಕಾರ್ಲ್ ಪಾಲ್ ಲಿಂಕ್ ಮತ್ತು ಸಂಗಡಿಗರು ಮೇವಿನಲ್ಲಿದ್ದ ವಸ್ತುವನ್ನು ಪತ್ತೆಹಚ್ಚಿದರು. ಅದರ ಬೆನ್ನು ಹಿಡಿದು ಬಂದ ವಾರ್ಫರಿನ್ ಮೊದಲು, 1948ರಲ್ಲಿ, ಇಲಿ ಪಾಷಾಣವಾಗಿ ಅಂಗಡಿಗೆ ಬಂತು. 1955ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಹೃದಯಾಘಾತವಾದಾಗ ಕೊಟ್ಟದ್ದೂ ಇದನ್ನೇ.

ವಾರ್ಫರಿನ್ ಅಥವಾ ಅದೇ ಬಗೆಯ ಅಸಿಟ್ರಾಮ್ ಮಾತ್ರೆ ತಗೊಳ್ಳುವವರು ಸೊಪ್ಪು ಬಿಡಬೇಕಿಲ್ಲ. ಮುದ್ದೆ ಜೊತೆ ಸೊಪ್ಪಿನ ಸಾರು ಇರಲಿ, ಆದರೆ ವಾರದಿಂದ ವಾರಕ್ಕೆ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿರಲಿ. ಸೊಪ್ಪಿನ ವಿಟಮಿನ್ ಕೆ ಒಮ್ಮೆಲೇ ಏರಿಳಿದರೆ ರಕ್ತ ಹೆಪ್ಪುಗಟ್ಟುವ ವೇಗ ಅಳೆಯುವ ಐಎನ್‌ಆರ್ ತಪ್ಪುತ್ತದೆ.

ಬಾಲ್ಯದ ಗಂಟಲು ನೋವಿನಿಂದ ಶುರುವಾಗುವ ರುಮಾಟಿಕ್ ಕಾಯಿಲೆಯಲ್ಲಿ ಹೃದಯದ ಕವಾಟ ಕಿರಿದಾಗಿ ಬಡಿತದ ತಾಳವೂ ತಪ್ಪಿದರೆ, ಚಿಕ್ಕ ವಯಸ್ಸಿನವರಿಗೂ ಲಕ್ವಾ ಹೊಡೆಯಬಹುದು. ಇವರಿಗೆ ಹೆಪ್ಪು ತಡೆಯುವ ಹೊಸ ಮಾತ್ರೆಗಿಂತ ಹಳೆಯ ವಾರ್ಫರಿನ್ ಬಗೆಯದೇ ಮೇಲು ಎಂದು 2022ರ ಇನ್ವಿಕ್ಟಸ್ ಅಧ್ಯಯನ ತೋರಿಸಿತು.

ಹೊಸ ಮಾತ್ರೆಗಳ ಪರಿಣಾಮ ಸುಮಾರು ಒಂದು ದಿನದಲ್ಲಿ ಇಳಿದುಹೋಗುತ್ತದೆ. ಹಾಗಾಗಿ ನಾಯಕನಹಟ್ಟಿ ಜಾತ್ರೆಗೆ ಹೊರಟಾಗಲೂ ಮಾತ್ರೆ ಚೀಲದಲ್ಲಿರಬೇಕು.

ಅಕ್ಟೋಬರ್ 29 ವಿಶ್ವ ಪಾರ್ಶ್ವವಾಯು (ಲಕ್ವಾ) ದಿನ. 2021ರಲ್ಲಿ ನಟ ಪುನೀತ್ ರಾಜ್‌ಕುಮಾರ್ ನಮ್ಮನ್ನಗಲಿದ್ದೂ ಅದೇ ದಿನ. ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಹೃದಯಾಘಾತವಾದವರಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಹಾಗಾದರೆ ಲಕ್ವಾಕ್ಕೂ ಅಲ್ಲೇ ಏಕೆ ಕೊಡಬಾರದು ಎಂದು ಕೇಳುವುದು ಸಹಜ. ಹೃದಯಾಘಾತಕ್ಕೆ ಇಸಿಜಿ ನೋಡಿ ಚುಚ್ಚಬಹುದು. ಲಕ್ವಾ ಕೆಲವರಲ್ಲಿ ಹೆಪ್ಪಿನಿಂದ, ಕೆಲವರಲ್ಲಿ ರಕ್ತಸ್ರಾವದಿಂದ ಆಗುತ್ತದೆ. ರಕ್ತಸ್ರಾವ ಆದವರಿಗೆ ಅದೇ ಇಂಜೆಕ್ಷನ್ ಪ್ರಾಣಕ್ಕೆ ಕುತ್ತು. ಸಿ.ಟಿ. ಸ್ಕ್ಯಾನ್ ಇಲ್ಲದೆ ಕೊಡುವಂತಿಲ್ಲ.

ಲಕ್ವಾ ಹೊಡೆದ ಮೇಲೆ ಈ ಇಂಜೆಕ್ಷನ್ ಕೊಡಲು ಇರುವ ಅವಧಿ ನಾಲ್ಕೂವರೆ ಗಂಟೆ. ಚಳ್ಳಕೆರೆಯಿಂದ ಚಿತ್ರದುರ್ಗ ಸುಮಾರು 30 ಕಿ.ಮೀ.; ಮೊಳಕಾಲ್ಮುರಿನವರಿಗೆ ಅದಕ್ಕಿಂತ ಬಳ್ಳಾರಿಯೇ ಹತ್ತಿರ. ದಾರಿ ದೊಡ್ಡದಲ್ಲ, ಹೊತ್ತು ಹೋಗುವುದು ಹೊರಡುವ ಮೊದಲೇ. ಬಾಯಿ ಸೊಟ್ಟಗಾಗಿ, ಲಾಳಿ ಹಿಡಿದ ಕೈ ಸೋತು, ಮಾತು ತೊದಲಿದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ, ನಾಟಿ ಔಷಧಿಗೆ ಓಡಬೇಡಿ; 108ಕ್ಕೆ ಫೋನ್ ಮಾಡಿ. ರಾತ್ರಿಯೂ ಸಿ.ಟಿ. ಮಾಡುವ ಆಸ್ಪತ್ರೆ ಯಾವುದೆಂದು ಪಂಪಿಂಗ್ ಕಮ್ಮಿ ಇರುವವರ ಮನೆಯಲ್ಲಿ ಇವತ್ತೇ ವಿಚಾರಿಸಿಟ್ಟುಕೊಳ್ಳಬೇಕು.

ಹತ್ತು ನಿಮಿಷದಲ್ಲಿ ಕೈ ಮೊದಲಿನಂತಾದರೂ ಆಸ್ಪತ್ರೆಗೆ ಹೋಗಿ. ದೊಡ್ಡ ಲಕ್ವಾ ಬರುವ ಸಂಭವ ಮುಂದಿನ ಎರಡು ದಿನದಲ್ಲೇ ಹೆಚ್ಚು. ಹೋಗುವಾಗ ಎರಡು ಸಂಗತಿ ಜೊತೆಗಿರಲಿ: ಕೊನೆಯದಾಗಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂಬುದು, ಮತ್ತು ದಿನಾ ನುಂಗುವ ಮಾತ್ರೆಗಳ ಪಟ್ಟಿ. ವಾರ್ಫರಿನ್ ತಗೊಂಡವರ ಐಎನ್‌ಆರ್ 1.7 ದಾಟಿದ್ದರೆ ಹೆಪ್ಪು ಕರಗಿಸುವ ಆ ಇಂಜೆಕ್ಷನ್ ಕೊಡುವುದಿಲ್ಲ. ಆಗ ಡಾಕ್ಟರು ಬೇರೆ ದಾರಿ ಹುಡುಕಬೇಕಾಗುತ್ತದೆ.