ನೆಲದ ನೆನಪು

ಬ್ರೂಕ್‌ಫೀಲ್ಡ್‌ನಲ್ಲಿ ನಮ್ಮ ಮನೆಯ ಪಕ್ಕದ ನಿವೇಶನದಲ್ಲಿ ಹೊಸ ಕಟ್ಟಡಕ್ಕೆ ತಳಪಾಯ ತೋಡುತ್ತಿದ್ದ ದಿನಗಳವು. ಬೆಳಗಿನಿಂದ ಬೈಗಿನವರೆಗೆ ಬಂಡೆ ಒಡೆಯುವ ಯಂತ್ರದ ಸದ್ದು. ಕಿಟಕಿಯ ಗಾಜು ಕೂಡ ಅದರೊಡನೆ ನಡುಗುತ್ತಿತ್ತು. ಒಂದು ಸಂಜೆ ಎದುರುಮನೆಯ ಹುಡುಗ ಅಲ್ಲಿಂದ ಕಲ್ಲಿನ ಚೂರೊಂದನ್ನು ಆಯ್ದು ತಂದು ನನ್ನ ಮುಂದೆ ಹಿಡಿದ. ಬೂದು ಮೈ, ನಡುವೆ ಬಿಳಿಯ ಪಟ್ಟೆಗಳು.

"ತಾತ, ಇದು ಲಾವಾ ಕಲ್ಲೇ?"

ಅವನು ಹಾಗೆ ಕೇಳಿದ್ದಕ್ಕೆ ಕಾರಣವಿತ್ತು. ೨೦೨೫ರ ನವೆಂಬರ್ ೨೩ರಂದು ಇಥಿಯೋಪಿಯದ ಅಫಾರ್ ಪ್ರಾಂತದಲ್ಲಿ ಹೈಲಿ ಗುಬ್ಬಿ ಎಂಬ ಅಗ್ನಿಪರ್ವತ ಸಿಡಿದಿತ್ತು. ಅದರ ಬೂದಿಯ ಮೋಡ ಕೆಂಪು ಸಮುದ್ರವನ್ನು ದಾಟಿ, ಯೆಮನ್, ಒಮಾನ್‌ಗಳ ಮೇಲೆ ಹಾದು, ಮರುದಿನ ರಾತ್ರಿಯ ವೇಳೆಗೆ ವಾಯವ್ಯ ಭಾರತದ ಆಕಾಶವನ್ನು ತಲಪಿತ್ತು. ಕೆಲವು ವಿಮಾನಗಳು ರದ್ದಾದವು. ಹುಡುಗನ ತಂದೆ ದೆಹಲಿಯಿಂದ ಒಂದು ದಿನ ತಡವಾಗಿ ಮನೆಗೆ ಬಂದಿದ್ದರು. ಎಲ್ಲಿಯೋ ಒಂದು ಬೆಟ್ಟ ಸಿಡಿದರೆ ತನ್ನ ಅಪ್ಪನಿಗೇಕೆ ತಡವಾಗಬೇಕು ಎಂಬುದು ಅವನಿಗೆ ಬಿಡಿಸಲಾಗದ ಒಗಟಾಗಿತ್ತು.

ನಾನು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟವನು. ಪಾಠ ಹೇಳುವ ಚಪಲ ನಿವೃತ್ತಿಯೊಡನೆ ಹೋಗುವಂಥದಲ್ಲ. ಅವನನ್ನು ಜಗುಲಿಯ ಮೇಲೆ ಕೂರಿಸಿಕೊಂಡೆ.

ಅಗ್ನಿಪರ್ವತದ ಬೂದಿ ನಮ್ಮ ಒಲೆಯ ಬೂದಿಯಂತಲ್ಲ. ಅದು ಕಲ್ಲಿನ ಮತ್ತು ಗಾಜಿನ ನುಣ್ಣನೆಯ ಪುಡಿ. ವಿಮಾನದ ಎಂಜಿನ್ನಿನ ಉರಿಗೆ ಸಿಕ್ಕರೆ ಅದು ಕರಗಿ, ಒಳಗಿನ ಅಲಗುಗಳ ಮೇಲೆ ಮೆತ್ತಿಕೊಳ್ಳುತ್ತದೆ. ೧೯೮೨ರ ಜೂನ್ ೨೪ರ ರಾತ್ರಿ ಜಾವಾದ ಗಾಲುಂಗುಂಗ್ ಪರ್ವತದ ಬೂದಿಯೊಳಗೆ ಹೊಕ್ಕ ದೊಡ್ಡ ಪ್ರಯಾಣಿಕ ವಿಮಾನವೊಂದರ ನಾಲ್ಕು ಎಂಜಿನ್ನುಗಳೂ ನಿಂತುಹೋದವು. ಅದು ತೇಲುತ್ತ ಕೆಳಗಿಳಿದು ಬೂದಿಯಿಂದ ಹೊರಬಿದ್ದ ಮೇಲೆ ಅವು ಮತ್ತೆ ಹೊತ್ತಿಕೊಂಡದ್ದು ಅದರಲ್ಲಿದ್ದವರ ಭಾಗ್ಯ. ಅಂದಿನಿಂದ ಬೂದಿಯ ಮೋಡವೆಂದರೆ ವಿಮಾನಗಳು ಸುತ್ತು ಬಳಸಿ ಹೋಗುತ್ತವೆ.

ಇನ್ನು ಆ ಕಲ್ಲು. ಅದು ಲಾವಾ ಅಲ್ಲ. ನೈಸ್ ಎಂಬ ಶಿಲೆ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸ್ಮೀತ್ ಅವರು ೧೯೧೬ರಲ್ಲಿ ಇದಕ್ಕೆ 'ಪೆನಿನ್ಸುಲರ್ ನೈಸ್' ಎಂದು ಹೆಸರಿಟ್ಟರು. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರವನ್ನು ಹೊತ್ತು ನಿಂತಿರುವ ಬಂಡೆಯೂ ಇದೇ ಕುಲದ್ದು. ಅದರ ವಯಸ್ಸು ಸುಮಾರು ೩೦೦ ಕೋಟಿ ವರ್ಷ. ಬೆಂಗಳೂರು ಕುಳಿತಿರುವುದು ಇಂಥ ಹಳೆಯ, ತಣ್ಣಗಾದ, ಗಟ್ಟಿಯಾದ ಪೀಠದ ಮೇಲೆ.

"ಹಾಗಾದರೆ ನಮ್ಮಲ್ಲಿ ಅಗ್ನಿಪರ್ವತವೇ ಇರಲಿಲ್ಲವೇ?" ಹುಡುಗನ ದನಿಯಲ್ಲಿ ಸಮಾಧಾನಕ್ಕಿಂತ ನಿರಾಶೆಯೇ ಹೆಚ್ಚಾಗಿತ್ತು.

ಇರಲಿಲ್ಲವೆಂದು ಹೇಳುವುದುಂಟೇ? ನಮ್ಮ ಮನೆಯಿಂದ ಮೂಡಲಿಗೆ ಹೋದರೆ ಕೋಲಾರದ ಚಿನ್ನದ ಸೀಮೆ. ಅಲ್ಲಿ ಚಿನ್ನವನ್ನು ಒಡಲಲ್ಲಿಟ್ಟುಕೊಂಡಿದ್ದ ಕಪ್ಪು ಶಿಲೆ ಒಂದು ಕಾಲಕ್ಕೆ ಲಾವಾರಸವೇ. ೨೦೦೧ರಲ್ಲಿ ಮುಚ್ಚಿದ ಆ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ತಳದಲ್ಲಿ ಬಂಡೆಯ ಕಾವು ೬೦ ಡಿಗ್ರಿ ಸೆಲ್ಸಿಯಸ್ಸನ್ನು ಮೀರಿತ್ತು. ಭೂಮಿಯ ಒಡಲು ಇನ್ನೂ ಆರಿಲ್ಲವೆಂಬುದಕ್ಕೆ ನಮ್ಮ ಗಣಿ ಕೆಲಸಗಾರರ ಬೆವರೇ ಸಾಕ್ಷಿ.

ಚಿತ್ರದುರ್ಗದ ಬಳಿ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ಕಲ್ಲುಗಳಿವೆ. ಕುದಿಯುವ ಲಾವಾ ನೀರಿನೊಳಗೆ ಉಕ್ಕಿದಾಗ ಅದರ ಹೊರಮೈ ಥಟ್ಟನೆ ಹೆಪ್ಪುಗಟ್ಟಿ, ಒಳಗಿನದು ಉಬ್ಬಿ, ಇಂಥ ಆಕಾರ ತಳೆಯುತ್ತದೆ. ಇಂದು ಬಿರುಬಿಸಿಲು ಬಡಿಯುವ ಆ ಬಯಲು ೨೫೦ ಕೋಟಿ ವರ್ಷಗಳಿಗೂ ಹಿಂದೆ ನೀರಿನ ತಳವಾಗಿತ್ತೆಂಬುದನ್ನು ಆ ಕಲ್ಲುದಿಂಬುಗಳು ಮರೆತಿಲ್ಲ. ಮಲ್ಪೆಯ ಎದುರಿಗಿರುವ ಸೇಂಟ್ ಮೇರಿ ದ್ವೀಪಗಳನ್ನು ನೋಡಿದವರು, ಅಲ್ಲಿನ ಮೂಲೆ ಮೂಲೆಯಾದ ಕಂಬಗಳು ಯಾವ ಶಿಲ್ಪಿಯ ಕೆಲಸವೋ ಎಂದು ಬೆರಗಾಗುತ್ತಾರೆ. ಸುಮಾರು ೮.೮ ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಅಗಲುತ್ತಿದ್ದಾಗ, ಹೊರಬಂದ ಲಾವಾ ತಣಿಯುತ್ತ ಕುಗ್ಗಿ, ಒಣಗಿದ ಕೆರೆಯ ಕೆಸರಿನಂತೆ ಸೀಳಿ ಆದ ಕಂಬಗಳವು.

ಇವೆಲ್ಲಕ್ಕೂ ಕಿರಿಯದು, ಆದರೆ ಹರಹಿನಲ್ಲಿ ಎಲ್ಲಕ್ಕೂ ಹಿರಿಯದು, ಉತ್ತರ ಕರ್ನಾಟಕದ ಕಪ್ಪುಶಿಲೆ. ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ದಖನ್ನಿನ ನೆಲ ಬಿರಿದು ಲಾವಾ ಪದರ ಪದರವಾಗಿ ಹರಿಯಿತು. ಇಂದಿಗೂ ಅದು ಸುಮಾರು ಐದು ಲಕ್ಷ ಚದರ ಕಿಲೋಮೀಟರುಗಳಷ್ಟು ನೆಲವನ್ನು ಮುಚ್ಚಿದೆ. ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿ ಸೀಮೆಗಳಿಗೆ ಅದರ ಪಾಲು ಬಂದಿದೆ. ಗೋಲಗುಮ್ಮಟವನ್ನು ಕಟ್ಟಿದ್ದು ಆ ಕಲ್ಲಿನಿಂದ. ಬಿಳಿಜೋಳವನ್ನು ಬೆಳೆಯುವ ಎರೆಮಣ್ಣು ಆ ಕಲ್ಲಿನ ಪುಡಿ. ನಾವು ರೊಟ್ಟಿ ಮುರಿಯುವಾಗ ಆರಿದ ಬೆಂಕಿಯ ಋಣವನ್ನೇ ಉಣ್ಣುತ್ತೇವೆ.

ನಮ್ಮ ಬೆಂಕಿ ಆರಿತು. ಇಂದು ಭಾರತದಲ್ಲಿ ಎಚ್ಚರವಿರುವ ಅಗ್ನಿಪರ್ವತ ಅಂಡಮಾನಿನ ಬ್ಯಾರನ್ ದ್ವೀಪವೊಂದೇ. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಮಲಗಿದ್ದು ೧೯೯೧ರಲ್ಲಿ ಅದು ಮತ್ತೆ ಎದ್ದಿತು. ಅಲ್ಲಿ ಮನುಷ್ಯರ ವಾಸವಿಲ್ಲ. ಆದುದರಿಂದ ಅಳುವವರೂ ಇಲ್ಲ. ಎಲ್ಲ ಕಡೆಯೂ ಹೀಗೆಯೇ ಅಲ್ಲ. ನಮ್ಮ ಎರೆಹೊಲದಂತೆಯೇ ಅಗ್ನಿಪರ್ವತದ ತಪ್ಪಲೂ ಫಲವತ್ತು. ಎರಡು ಸಿಡಿತಗಳ ನಡುವೆ ತಲೆಮಾರುಗಳೇ ಕಳೆಯುತ್ತವೆ. ಹೀಗಾಗಿ ಜನ ಅದರ ಮಡಿಲಿನಲ್ಲೇ ಊರು ಕಟ್ಟುತ್ತಾರೆ.

ಅಗ್ನಿಪರ್ವತವೆಂದೊಡನೆ ಹರಿಯುವ ಕೆಂಪು ಲಾವಾ ನಮ್ಮ ಕಣ್ಣಿಗೆ ಕಟ್ಟುತ್ತದೆ. ಆದರೆ ಲಾವಾ ಸಾಮಾನ್ಯವಾಗಿ ಮಂದಗಾಮಿ. ಮನೆಮಾರುಗಳನ್ನು ನುಂಗಿದರೂ ಮನುಷ್ಯನಿಗೆ ಓಡಲು ಬಿಡುವು ಕೊಡುತ್ತದೆ. ಕೊಲ್ಲುವ ಬಗೆಗಳು ಬೇರೆ. ೧೯೦೨ರ ಮೇ ೮ರಂದು ಮಾರ್ಟಿನೀಕ್ ದ್ವೀಪದ ಪೆಲೆ ಪರ್ವತದಿಂದ ಸುಡುವ ಅನಿಲ ಮತ್ತು ಬೂದಿಯ ಮೋಡವೊಂದು ಇಳಿದು, ಸೇಂಟ್ ಪಿಯರ್ ಪಟ್ಟಣದ ಸುಮಾರು ೨೮,೦೦೦ ಜನರನ್ನು ಕೆಲವೇ ನಿಮಿಷಗಳಲ್ಲಿ ಕೊಂದಿತು. ೧೮೮೩ರಲ್ಲಿ ಕ್ರಕಟೋವ ಸಿಡಿದಾಗ ಸತ್ತ ೩೬,೦೦೦ಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಕಡಲ ಅಲೆಗಳಿಗೆ ಬಲಿಯಾದವರು.

ತರಗತಿಯಲ್ಲಿ ನಾನು ಪ್ರತಿ ವರ್ಷವೂ ಹೇಳುತ್ತಿದ್ದುದು ಕೊಲಂಬಿಯದ ಅರ್ಮೇರೊ ಪಟ್ಟಣದ ಕಥೆ. ಅಗ್ನಿಪರ್ವತ ಅಲ್ಲಿಂದ ನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರ. ಹೆಸರು ನೆವಾದೊ ದೆಲ್ ರೂಯಿಸ್, ನೆತ್ತಿಯ ಮೇಲೆ ಹಿಮ. ೧೮೪೫ರಲ್ಲಿ ಅಲ್ಲಿಂದ ಇಳಿದ ಕೆಸರಿನ ಹೊಳೆ ಸುಮಾರು ಸಾವಿರ ಜನರನ್ನು ಹೂತುಹಾಕಿತ್ತು. ಆ ಕೆಸರು ಒಣಗಿ ಒಳ್ಳೆಯ ಹೊಲವಾಯಿತು; ಹೊಲದ ಮೇಲೆ ಊರು ಬೆಳೆಯಿತು. ೧೯೮೫ರಲ್ಲಿ ಪರ್ವತ ಮತ್ತೆ ಹೊಗೆಯಾಡಿದಾಗ ವಿಜ್ಞಾನಿಗಳು ಅಪಾಯದ ನಕಾಶೆ ಬರೆದರು. ಅರ್ಮೇರೊ ಕೆಸರಿನ ದಾರಿಯಲ್ಲಿದೆಯೆಂದು ಅಕ್ಟೋಬರಿನಲ್ಲೇ ಅದು ತೋರಿಸಿತ್ತು. ನವೆಂಬರ್ ೧೩ರ ಮಧ್ಯಾಹ್ನ ಊರಿನ ಮೇಲೆ ಬೂದಿ ಉದುರಿತು. ಗಾಬರಿಯಾಗಬೇಡಿ, ಮನೆಯಲ್ಲೇ ಇರಿ ಎಂದು ಜನರಿಗೆ ಹೇಳಲಾಯಿತು. ರಾತ್ರಿ ಒಂಬತ್ತರ ಮೇಲೆ ಪರ್ವತ ಸಿಡಿಯಿತು. ಹಿಮ ಕರಗಿ ನದಿಯ ಪಾತ್ರದಲ್ಲಿ ಕೆಸರಾಗಿ ನುಗ್ಗಿತು. ಅದು ಊರನ್ನು ಮುಟ್ಟಿದ್ದು ಎರಡು ಗಂಟೆಗಳಿಗೂ ಹೆಚ್ಚು ಹೊತ್ತಿನ ಅನಂತರ. ಹತ್ತಿರದ ದಿಣ್ಣೆ ಏರಲು ಅಷ್ಟು ಸಮಯ ಬೇಕಾದಷ್ಟಾಯಿತು. ಏರಬೇಕೆಂದು ಹೇಳುವವರಿರಲಿಲ್ಲ. ಸುಮಾರು ೨೩,೦೦೦ ಜನ ಸತ್ತರು.

ಆರು ವರ್ಷಗಳೊಳಗೆ, ೧೯೯೧ರ ಜೂನ್ ೧೫ರಂದು, ಫಿಲಿಪ್ಪೈನ್ಸಿನ ಪಿನಟುಬೊ ಅದಕ್ಕಿಂತ ಬಹಳ ದೊಡ್ಡದಾಗಿ ಸಿಡಿಯಿತು. ಅದು ಸುಮಾರು ಐನೂರು ವರ್ಷ ನಿದ್ದೆಯಲ್ಲಿದ್ದ ಬೆಟ್ಟ. ಅಲ್ಲಿಯೂ ವಿಜ್ಞಾನಿಗಳು ನಕಾಶೆ ಬರೆದಿದ್ದರು. ಈ ಬಾರಿ ಅದನ್ನು ನಂಬಿದರು. ಹತ್ತಾರು ಸಾವಿರ ಜನರನ್ನು ಮೊದಲೇ ದೂರ ಸಾಗಿಸಿದರು. ಮಳೆಗೆ ನೆನೆದ ಬೂದಿಯ ಭಾರಕ್ಕೆ ಮಾಡುಗಳು ಕುಸಿದು ಕೆಲವು ನೂರು ಜನ ಸತ್ತರು. ಆದರೆ ಸಾವಿರಾರು ಜೀವಗಳು ಉಳಿದವು. ಎರಡೂ ಕಡೆ ಇದ್ದ ಶಾಸ್ತ್ರ ಒಂದೇ. ಕೇಳಿದ ಕಿವಿಗಳು ಬೇರೆ.

ಇಷ್ಟನ್ನು ಹೇಳಿ ಮುಗಿಸಿದಾಗ ಹುಡುಗ, "ಅರ್ಮೇರೊದವರು ದಡ್ಡರೇ, ತಾತ?" ಎಂದ.

ಹೌದೆನ್ನಲು ನನಗೆ ಬಾಯಿ ಬರಲಿಲ್ಲ. ನಾನು ಈ ನಿವೇಶನವನ್ನು ಕೊಂಡ ವರ್ಷ, ಇಲ್ಲಿ ಹಸು ಮೇಯಿಸುತ್ತಿದ್ದ ಮುದುಕರೊಬ್ಬರು ಕೋಲಿನಿಂದ ನೆಲ ತೋರಿಸಿ, "ಇದು ನೀರು ಹರಿಯೋ ಜಾಗ ಸ್ವಾಮಿ, ಕೆರೆ ತುಂಬಿದರೆ ಇಲ್ಲೇ ಬರತೈತೆ" ಎಂದಿದ್ದರು. ಕೆರೆ ಕಣ್ಣಿಗೆ ಕಾಣುತ್ತಿರಲಿಲ್ಲ. ಕಾಲುವೆಯ ಗುರುತೂ ಇರಲಿಲ್ಲ. ನಾನು ನಕ್ಕು ಸುಮ್ಮನಾದೆ. ಅದೇ ವಾರ ತರಗತಿಯಲ್ಲಿ ಅರ್ಮೇರೊದ ಪಾಠ ಮಾಡಿದ್ದೆನೋ ಏನೋ! ೨೦೨೨ರ ಸೆಪ್ಟೆಂಬರಿನ ಮೊದಲ ವಾರ ಬೆಂಗಳೂರಿನ ಪೂರ್ವಭಾಗವೆಲ್ಲ ನೀರಿನಲ್ಲಿ ನಿಂತಾಗ, ನಮ್ಮ ನಡುಮನೆಯಲ್ಲಿ ಮೊಣಕಾಲುದ್ದ ನೀರು. ಪುಸ್ತಕದ ಕಪಾಟಿನ ಕೆಳಗಿನ ಎರಡು ಸಾಲು ತೊಯ್ದು ಮುದ್ದೆಯಾದವು. ನನ್ನ ಭೂಗೋಳದ ಟಿಪ್ಪಣಿಗಳೂ ಅವುಗಳಲ್ಲಿ ಸೇರಿದ್ದವು.

ಕೊಲಂಬಿಯದ ದುರಂತಕ್ಕೂ ನಮ್ಮ ಬೀದಿಯ ನೀರಿಗೂ ಹೋಲಿಕೆಯೇ ಎಂದು ವಾಚಕರು ಕೇಳಬಹುದು. ಪ್ರಮಾಣದಲ್ಲಿ ಇಲ್ಲ, ಮರೆವಿನಲ್ಲಿ ಇದೆ. ಬೆಟ್ಟಕ್ಕೆ ಐನೂರು ವರ್ಷವೆಂದರೆ ಒಂದು ತೂಕಡಿಕೆ. ನಮಗೆ ಇಪ್ಪತ್ತು ವರ್ಷವೆಂದರೆ ಎಂದೂ ಆಗದ ಸಂಗತಿ. ನೆಲ ತನ್ನ ದಾರಿಯನ್ನು ಬರೆದಿಟ್ಟಿರುತ್ತದೆ, ಕಲ್ಲಿನಲ್ಲಾಗಲಿ ಕೆಸರಿನಲ್ಲಾಗಲಿ. ಅದನ್ನು ಓದಬಲ್ಲವರು ವಿಜ್ಞಾನಿಗಳಿರಬಹುದು, ಹಸು ಕಾಯುವವರಿರಬಹುದು. ಓದಿ ಹೇಳಿದಾಗ ನಗದಿರುವುದಷ್ಟೇ ನಮ್ಮ ಪಾಲಿನ ಕೆಲಸ.

"ದಡ್ಡರಲ್ಲ ಮಗು, ನನ್ನಂಥವರು" ಎಂದೆ.

ಹುಡುಗ ಕಲ್ಲನ್ನು ಒಮ್ಮೆ ತಿರುಗಿಸಿ ನೋಡಿ, ಜೇಬಿಗೆ ಹಾಕಿಕೊಂಡು ಮನೆಗೆ ಹೋದ. ಪಕ್ಕದಲ್ಲಿ ಯಂತ್ರ ನಿಂತಿತ್ತು. ತೋಡಿದ ಹೊಂಡದ ತಳದಲ್ಲಿ ಆಗಲೇ ಒಂದಿಷ್ಟು ನೀರು ಜಿನುಗಿ ನಿಂತು, ಸಂಜೆಯ ಬೆಳಕಿನಲ್ಲಿ ಹೊಳೆಯುತ್ತಿತ್ತು.