ಮನೆಯಿಲ್ಲದವರನ್ನು ಅಧ್ಯಯನ ಮಾಡುವುದು ಹೇಗೆ? ರೋಣ, ನರಗುಂದ, ಗಜೇಂದ್ರಗಡ ಕಲಿಸುವ ಪಾಠಗಳು

ಬಿ.ಇಡಿ. ಸಮುದಾಯ ಸಮೀಕ್ಷೆಗೆ ನಾನು ಆರಿಸಿಕೊಂಡ ವಿಷಯ ‘ಮನೆಯಿಲ್ಲದ ಕುಟುಂಬಗಳ ಮಕ್ಕಳು ಮತ್ತು ಶಾಲೆ’. ವಿಷಯ ಕೇಳಿದ ಸಹಪಾಠಿಯೊಬ್ಬ, “ನಮ್ಮ ಕಡೆ ಮನಿ ಇಲ್ಲದವ್ರು ಯಾರದಾರಪಾ? ಅವ್ರೆಲ್ಲ ಬೆಂಗಳೂರು, ಮುಂಬೈ ಫುಟ್‌ಪಾತಿನ್ಯಾಗ ಇರ್ತಾರ” ಎಂದ. ಅವನ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ನಮ್ಮ ಮೂರೂ ತಾಲೂಕುಗಳಲ್ಲಿ ರಸ್ತೆ ಬದಿಗೆ ಮಲಗಿದವರು ಕಣ್ಣಿಗೆ ಬೀಳುವುದು ಅಪರೂಪ. ಆದರೂ ಸಮಸ್ಯೆ ಇಲ್ಲಿದೆ. ಅದು ಕಾಣದಿರುವುದಕ್ಕೆ ಕಾರಣ ನಾವು ಇಟ್ಟುಕೊಂಡ ವ್ಯಾಖ್ಯೆ, ಕೇಳುವ ಪ್ರಶ್ನೆ ಮತ್ತು ಎಣಿಸುವ ದಿನ. ಗಣತಿಯ ಕೆಲಸಕ್ಕೆ ಬಹುಪಾಲು ಶಿಕ್ಷಕರೇ ಹೋಗುವುದರಿಂದ ಈ ಮೂರನ್ನೂ ತಿಳಿದುಕೊಳ್ಳುವುದು ನಮಗೆ ಅಗತ್ಯ.

ವ್ಯಾಖ್ಯೆಯಿಂದ ಆರಂಭ

2011ರ ಜನಗಣತಿಯ ಪ್ರಕಾರ, ಚಾವಣಿಯಿರುವ ಕಟ್ಟಡದಲ್ಲಿ ವಾಸಿಸದೆ ರಸ್ತೆ ಬದಿ, ಕಾಲುದಾರಿ, ದೊಡ್ಡ ಕೊಳವೆ, ಮೇಲ್ಸೇತುವೆಯ ಕೆಳಗೆ, ರೈಲು ನಿಲ್ದಾಣ, ಗುಡಿಯ ಮಂಟಪ ಮುಂತಾದ ಬಯಲು ಜಾಗಗಳಲ್ಲಿ ಇರುವವರು ಮನೆರಹಿತರು. ಅವರನ್ನು ಎಣಿಸಿದ್ದು ಒಂದೇ ರಾತ್ರಿ, 2011ರ ಫೆಬ್ರುವರಿ 28ರಂದು. ಸಿಕ್ಕ ಸಂಖ್ಯೆ ದೇಶದಲ್ಲಿ ಸುಮಾರು 17.7 ಲಕ್ಷ, ಕರ್ನಾಟಕದಲ್ಲಿ 76 ಸಾವಿರಕ್ಕೂ ಹೆಚ್ಚು.

ಈ ವ್ಯಾಖ್ಯೆಯಿಂದ ಒಂದು ಅನುಕೂಲವಿದೆ. ಇಡೀ ದೇಶದಲ್ಲಿ ಒಂದೇ ಅಳತೆಗೋಲು ಬಳಸಬಹುದು. ಆದರೆ ಅದು ನೋಡುವುದು ಚಾವಣಿಯನ್ನು ಮಾತ್ರ. ಚಾವಣಿ ಯಾರದು, ಎಷ್ಟು ದಿನದ್ದು, ನಾಳೆ ಬಿಡಿಸಿದರೆ ಎಲ್ಲಿಗೆ ಹೋಗಬೇಕು ಎಂಬುದನ್ನು ಅದು ಕೇಳುವುದಿಲ್ಲ. ನಮ್ಮ ಭಾಗದ ಮನೆಯಿಲ್ಲದಿರುವಿಕೆ ಅಡಗಿರುವುದು ಈ ಪ್ರಶ್ನೆಗಳಲ್ಲೇ.

ಇಲ್ಲಿ ಮನೆ ಇಲ್ಲವಾಗುವ ಮೂರು ಬಗೆ

ಮೊದಲನೆಯದು ನೀರಿನಿಂದ. ನರಗುಂದದ ಕೊಣ್ಣೂರು, ರೋಣದ ಹೊಳೆಆಲೂರು ಮೊದಲಾದವು ಮಲಪ್ರಭೆಯ ದಂಡೆಯ ಊರುಗಳು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಳೆಯಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ ನವಿಲುತೀರ್ಥದ ಅಣೆಕಟ್ಟೆಯಿಂದ ನೀರು ಬಿಟ್ಟಾಗ, ಇಲ್ಲಿ ಮನೆಗಳಿಗೆ ನೀರು ನುಗ್ಗಿತು. ಮಣ್ಣಿನ ಮಾಳಿಗೆಯ ಮನೆಗೆ ನೀರು ಹೊಕ್ಕರೆ ಗೋಡೆ ಅಂದೇ ಬೀಳಬೇಕೆಂದಿಲ್ಲ, ನೆನೆದು ನಿಂತು ವಾರದ ಮೇಲೆ ಬೀಳುತ್ತದೆ. 2009ರ ನಂತರ ‘ಆಸರೆ’ ಯೋಜನೆಯಲ್ಲಿ ಎತ್ತರದ ಜಾಗದಲ್ಲಿ ಹೊಸ ಮನೆಗಳು ಎದ್ದವು. ಆದರೆ ಹೊಲ ದೂರ, ದನ ಕಟ್ಟಲು ಜಾಗವಿಲ್ಲ ಎಂದು ಹಳೆಯ ಊರಿನಲ್ಲೇ ಉಳಿದವರಿದ್ದಾರೆ. 2019ರಲ್ಲಿ ಪೂರ್ಣ ಬಿದ್ದ ಮನೆಗೆ 5 ಲಕ್ಷ, ಅಲ್ಪ ಹಾನಿಗೆ 50 ಸಾವಿರ ರೂಪಾಯಿ ಪರಿಹಾರ ನಿಗದಿಯಾಯಿತು. ಹಾಗಾಗಿ ಬಿರುಕು ಬಿಟ್ಟ ಗೋಡೆ ಯಾವ ವರ್ಗಕ್ಕೆ ಸೇರಿತು ಎಂಬುದರ ಮೇಲೆ ಒಂದು ಕುಟುಂಬದ ಮುಂದಿನ ಹತ್ತು ವರ್ಷ ನಿಂತಿತು. ನರಗುಂದ ಪಟ್ಟಣದಲ್ಲಿ ಇನ್ನೊಂದು ತೊಂದರೆಯಿದೆ. ಹಳೆಯ ಓಣಿಗಳಲ್ಲಿ, ಧಾನ್ಯ ತುಂಬಿಡುತ್ತಿದ್ದ ನೆಲದಡಿಯ ಹಗೇವುಗಳಿದ್ದ ಕಡೆ, ಅಂತರ್ಜಲ ಮೇಲೇರಿ ಮನೆಯೊಳಗೇ ನೆಲ ಕುಸಿದದ್ದುಂಟು.

ಎರಡನೆಯದು ಹಂಗಾಮಿನಿಂದ. ಗಜೇಂದ್ರಗಡ ಮತ್ತು ರೋಣದ ತಾಂಡಾಗಳಿಂದ, ಮಳೆಯನ್ನೇ ನಂಬಿದ ಹಳ್ಳಿಗಳಿಂದ ಜನ ಗುಳೆ ಹೋಗುತ್ತಾರೆ. ಕಬ್ಬು ಕಡಿಯಲು, ಗೋವಾ, ಉಡುಪಿ, ಮಂಗಳೂರು, ಬೆಂಗಳೂರುಗಳಲ್ಲಿ ಕಟ್ಟಡ ಕಟ್ಟಲು ಹೋಗುತ್ತಾರೆ. ಊರಲ್ಲಿ ಕೀಲಿ ಹಾಕಿದ ಮನೆ ಇರುತ್ತದೆ, ಕೆಲಸದ ಜಾಗದಲ್ಲಿ ಪತ್ರಾಸಿನ ಶೆಡ್ಡು ಇಲ್ಲವೇ ತಾಡಪಾಲು ಇರುತ್ತದೆ. ಜನಗಣತಿಯ ನಿಯಮದಂತೆ ಎಣಿಕೆಯ ಅವಧಿಯುದ್ದಕ್ಕೂ ಊರಲ್ಲಿರದವರನ್ನು ಅವರು ಸಿಕ್ಕಲ್ಲಿಯೇ ಎಣಿಸಬೇಕು. ಫೆಬ್ರುವರಿ ಎಂದರೆ ಹಲವು ಕುಟುಂಬಗಳು ದೂರವಿರುವ ತಿಂಗಳು. ಶೆಡ್ಡಿಗೂ ಚಾವಣಿ ಇರುವುದರಿಂದ ಅಲ್ಲಿಯೂ ಅವರು ಮನೆಯಿದ್ದವರೇ ಆಗುತ್ತಾರೆ.

ಮೂರನೆಯದು ದಾಖಲೆಯಿಂದ. ತಲೆಮಾರುಗಳಿಂದ ಮನೆ ಕಟ್ಟಿಕೊಂಡಿದ್ದರೂ ಅನೇಕ ತಾಂಡಾಗಳು ಕಂದಾಯ ಗ್ರಾಮಗಳಾಗಿರಲಿಲ್ಲ, ಮನೆಗಳಿಗೆ ಉತಾರ ಇರಲಿಲ್ಲ. ಭೂಸುಧಾರಣೆ ಕಾಯ್ದೆಗೆ ತಂದ 2016ರ ತಿದ್ದುಪಡಿ ಇದಕ್ಕೆ ದಾರಿ ತೆರೆಯಿತು. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ 50 ಸಾವಿರಕ್ಕೂ ಹೆಚ್ಚು ಹಕ್ಕುಪತ್ರಗಳ ವಿತರಣೆಯಾಯಿತು. ತಾಂಡಾಕ್ಕೆ ಕನಿಷ್ಠ ನೆಲೆಯೊಂದಿದೆ. ಊರೂರು ತಿರುಗುವ ಹೆಳವರು, ಸುಡುಗಾಡು ಸಿದ್ಧರು, ಕುಲುಮೆಯ ಘಿಸಾಡಿಗಳು ಹೂಡುವ ಗುಡಾರಕ್ಕೆ ಅದೂ ಇಲ್ಲ. 2025ರ ಸೆಪ್ಟೆಂಬರ್ 22ರಂದು ಆರಂಭವಾದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಮನೆಗಳನ್ನು ಮೊದಲು ಗುರುತಿಸಿದ್ದು ವಿದ್ಯುತ್ ಮೀಟರಿನ ಮೂಲಕ. ಗುಡಾರಕ್ಕೆ ಮೀಟರ್ ಎಲ್ಲಿಂದ ಬರಬೇಕು? ಅಂಥವರನ್ನು ಬೇರೆಯಾಗಿಯೇ ಹುಡುಕಿಕೊಂಡು ಹೋಗಬೇಕಾಗುತ್ತದೆ.

ದೂರದ ದೇಶದ ಒಂದು ಹೋಲಿಕೆ

ಕೆನಡಾದ ಉತ್ತರ ಭಾಗದ ಮೂಲನಿವಾಸಿ ಸಮುದಾಯಗಳನ್ನು ಅಧ್ಯಯನ ಮಾಡಿದವರಿಗೂ ಇದೇ ತೊಡಕು ಎದುರಾಯಿತು. ಅಲ್ಲಿನ ಚಳಿಯಲ್ಲಿ ಬಯಲಲ್ಲಿ ಮಲಗಿದರೆ ಜೀವ ಉಳಿಯದು. ಮನೆಯಿಲ್ಲದವರು ನೆಂಟರ ಸಣ್ಣ ಮನೆಗಳಲ್ಲಿ ಒತ್ತೊತ್ತಾಗಿ ಇರುತ್ತಾರೆ. ಬೀದಿಯಲ್ಲಿ ಎಣಿಸಿದರೆ ಅವರು ಸಿಗುವುದೇ ಇಲ್ಲ. 2012ರಲ್ಲಿ ಅಲ್ಲಿ ರೂಪಿಸಿದ ವ್ಯಾಖ್ಯೆಯು ಆಶ್ರಯವೇ ಇಲ್ಲದವರು, ತುರ್ತು ತಂಗುದಾಣಗಳಲ್ಲಿ ಇರುವವರು, ತಾತ್ಕಾಲಿಕವಾಗಿ ಬೇರೆಯವರಲ್ಲಿ ಇರುವವರು, ಮನೆ ಕಳೆದುಕೊಳ್ಳುವ ಅಂಚಿನಲ್ಲಿ ಇರುವವರು ಎಂದು ನಾಲ್ಕು ಗುಂಪು ಮಾಡಿತು. 2017ರಲ್ಲಿ ಜೆಸ್ಸಿ ಥಿಸಲ್ ಎಂಬ ಮೂಲನಿವಾಸಿ ವಿದ್ವಾಂಸರು ಮೂಲನಿವಾಸಿಗಳ ಮನೆಯಿಲ್ಲದಿರುವಿಕೆಗೆ 12 ಆಯಾಮಗಳನ್ನು ಗುರುತಿಸಿದರು. ನೆಲ, ಬಂಧುಬಳಗ, ಭಾಷೆಗಳ ನಂಟು ಕಡಿದುಹೋಗುವುದೂ ಅದರ ಭಾಗ ಎಂದರು. ದೂರದ ನವಗ್ರಾಮದ ಗಟ್ಟಿ ಮನೆಗಿಂತ ಹೊಳೆದಂಡೆಯ ಬಿರುಕು ಗೋಡೆಯನ್ನು ಆರಿಸಿಕೊಂಡವರ ಮನಸ್ಸು ಇದರಿಂದ ಸ್ವಲ್ಪ ಅರ್ಥವಾಗುತ್ತದೆ.

ಆರು ರಾತ್ರಿಗಳ ಪ್ರಶ್ನೆ

“ನಿಮಗ ಸ್ವಂತ ಮನಿ ಐತೇನ್ರಿ?” ಎಂದು ಕೇಳಿದರೆ ‘ಹೌದು’ ಅಥವಾ ‘ಇಲ್ಲ’ ಎಂಬುದಷ್ಟೇ ಸಿಗುತ್ತದೆ. ತಿಂಗಳ ಲೆಕ್ಕ ಕೇಳಿದರೆ ನೆನಪು ತಪ್ಪುತ್ತದೆ. ಹಬ್ಬ ಯಾರಿಗೂ ಮರೆಯುವುದಿಲ್ಲ. ಆದ್ದರಿಂದ ನನ್ನ ಪ್ರಶ್ನಾವಳಿಯಲ್ಲಿ ಕಳೆದ ವರ್ಷದ ಆರು ರಾತ್ರಿಗಳನ್ನು ಇಟ್ಟುಕೊಂಡೆ: ಎಳ್ಳ ಅಮಾವಾಸ್ಯೆ, ಹೋಳಿ ಹುಣ್ಣಿಮೆ, ಬಸವ ಜಯಂತಿ, ಕಾರ ಹುಣ್ಣಿಮೆ, ನಾಗರ ಪಂಚಮಿ, ದೀಪಾವಳಿ. ಪ್ರತಿ ರಾತ್ರಿಗೂ ನಾಲ್ಕೇ ಪ್ರಶ್ನೆ. ಎಲ್ಲಿ ಮಲಗಿದ್ದಿರಿ? ಮೇಲೆ ಏನಿತ್ತು? ಆ ಜಾಗ ಯಾರದು? ಮಕ್ಕಳು ಎಲ್ಲಿದ್ದರು?

ತಾಂಡಾದ ಒಬ್ಬ ತಾಯಿ, “ಮನಿ ಐತಿ ತಮ್ಮಾ, ಆದ್ರ ಎಳ್ಳ ಅಮಾಸಿಗೆ ನಾವು ಕಬ್ಬಿನ ಹೊಲದಾಗ ಇದ್ವಿ. ತಾಡಪಾಲ ಹಾಕ್ಕೊಂಡಿದ್ವಿ. ಹುಡುಗೂರು ಕೂಡ ನಮ್ಮ ಜೋಡಿನ” ಎಂದರು. ಹೋಳಿಗೆ ತಾಂಡಾ, ಬಸವ ಜಯಂತಿಗೆ ಗೋವಾದ ಶೆಡ್ಡು, ಉಳಿದ ಮೂರು ಹಬ್ಬಕ್ಕೆ ಮತ್ತೆ ತಾಂಡಾ. ಸಾಮಾನ್ಯ ನಮೂನೆಯಲ್ಲಿ ಈ ಕುಟುಂಬ ‘ಸ್ವಂತ ಮನೆ ಇದೆ’ ಎಂಬ ಕಾಲಮಿನಲ್ಲಿ ಮುಗಿದುಹೋಗುತ್ತದೆ. ಆರು ರಾತ್ರಿಯ ಲೆಕ್ಕದಲ್ಲಿ ಎರಡು ರಾತ್ರಿ ಅವರಿಗೆ ಮನೆಯಿಲ್ಲ. ಶಿಕ್ಷಕರಿಗೆ ಇನ್ನೊಂದು ವಿಷಯವೂ ತಿಳಿಯುತ್ತದೆ. ಬಸವ ಜಯಂತಿ ಬೇಸಿಗೆ ರಜೆಯಲ್ಲಿ ಬರುತ್ತದೆ. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಪಾಠ ಭರದಿಂದ ಸಾಗಿರುತ್ತದೆ. ಮಗುವಿನ ಕಲಿಕೆ ಕಡಿಯುವುದು ಆಗ.

ಹೆಸರು ಬರೆದುಕೊಳ್ಳುವ ಮುನ್ನ

ಕೆಲವು ಗುಡಾರಗಳಲ್ಲಿ ಪೆನ್ನು ತೆಗೆದ ಕೂಡಲೇ ಮಾತು ನಿಲ್ಲುತ್ತದೆ. ಇದಕ್ಕೆ ಇತಿಹಾಸವಿದೆ. 1871ರಲ್ಲಿ ಬಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಪಟ್ಟಿ ಮಾಡಿತು. ಮುಂಬೈ ಪ್ರಾಂತಕ್ಕೆ ಸೇರಿದ್ದ ನಮ್ಮ ಭಾಗದಲ್ಲಿ ಹರಣಶಿಕಾರಿ ಮೊದಲಾದವರನ್ನು ಹುಬ್ಬಳ್ಳಿ, ಗದಗ, ವಿಜಯಪುರಗಳ ಸೆಟ್ಲಮೆಂಟುಗಳಲ್ಲಿ ಇರಿಸಲಾಯಿತು. ಅವರು ಹಾಜರಿ ಕೊಡಬೇಕಿತ್ತು, ಅನುಮತಿಯಿಲ್ಲದೆ ಹೊರಗೆ ಹೋಗುವಂತಿರಲಿಲ್ಲ. ಕಾಯ್ದೆ 1952ರಲ್ಲಿ ರದ್ದಾಯಿತು. ನಮಗೆ ಹಾಜರಿ ಎಂದರೆ ಮಗು ಬಂದಿದೆಯೇ ಎಂದು ನೋಡುವ ಕಾಳಜಿ. ಅವರ ಅಜ್ಜಂದಿರಿಗೆ ಅದು ಕಾವಲು. ಇದನ್ನು ತಿಳಿದರೆ ಅವರ ಮೌನವನ್ನು ‘ಅಸಹಕಾರ’ ಎಂದು ಬರೆಯುವ ಮನಸ್ಸಾಗುವುದಿಲ್ಲ.

ಹಾಗಾಗಿ ಸಮೀಕ್ಷೆಗೆ ಹೋಗುವ ಪ್ರಶಿಕ್ಷಣಾರ್ಥಿಗಳು ಕೆಲವು ವಿಷಯಗಳನ್ನು ಪಾಲಿಸಬೇಕು ಎಂಬುದು ನನ್ನ ಅಭಿಪ್ರಾಯ. ನಾವು ಯಾರು, ಏಕೆ ಬಂದಿದ್ದೇವೆ ಎಂದು ಮೊದಲೇ ಹೇಳಬೇಕು. ಮನೆ ಮಂಜೂರು ಮಾಡಿಸುವವರು ನಾವಲ್ಲ ಎಂಬುದನ್ನು ಸ್ಪಷ್ಟಪಡಿಸಬೇಕು, ಇಲ್ಲದಿದ್ದರೆ ಹುಸಿ ಆಸೆ ಹುಟ್ಟುತ್ತದೆ. ಹೆಸರಿಗೆ ಬದಲು ಕ್ರಮಸಂಖ್ಯೆ ಸಾಕು. ಕೇಳದೆ ಫೋಟೊ ತೆಗೆಯಬಾರದು. ತರಗತಿಯಲ್ಲಿ ಎಲ್ಲರ ಮುಂದೆ ಮಗುವನ್ನು ಎಬ್ಬಿಸಿ ‘ನಿಮ್ಮ ಮನೆ ಎಂಥದ್ದು?’ ಎಂದು ಕೇಳಲೇಬಾರದು. ವರದಿಯಲ್ಲಿ ಬರೆದದ್ದನ್ನು ಮತ್ತೆ ಅದೇ ಓಣಿಗೆ ಹೋಗಿ ಓದಿ ಹೇಳಬೇಕು. ಅವರು ತಿದ್ದಿದರೆ ತಿದ್ದಿಕೊಳ್ಳಬೇಕು.

ಶಾಲೆಯ ಬಾಗಿಲಲ್ಲಿ

ಅಧ್ಯಯನದ ಫಲ ಕೊನೆಗೆ ಮುಟ್ಟಬೇಕಾದದ್ದು ದಾಖಲಾತಿ ಪುಸ್ತಕಕ್ಕೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಇಲ್ಲಿ ನಮ್ಮ ಕೈಯಲ್ಲಿರುವ ಗಟ್ಟಿ ಸಾಧನ. ಅದರ 4ನೇ ಸೆಕ್ಷನ್ ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ಎನ್ನುತ್ತದೆ. 5ನೇ ಸೆಕ್ಷನ್ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. 14ನೇ ಸೆಕ್ಷನ್ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂದೂ ನಿರಾಕರಿಸುವಂತಿಲ್ಲ. ಅಂದರೆ ಉತಾರವಿಲ್ಲದ, ಮೀಟರಿಲ್ಲದ ಗುಡಾರದ ಮಗುವಿಗೂ ನಮ್ಮ ಶಾಲೆಯಲ್ಲಿ ಜಾಗವಿದೆ. ಗುಳೆ ಹೋಗುವವರ ಮಕ್ಕಳಿಗೆ ಋತುಮಾನದ ವಸತಿ ನಿಲಯಗಳ ಸೌಲಭ್ಯವೂ ಇದೆ. ಯಾವ ಮಗು ಯಾವ ತಿಂಗಳು ಹೊರಡುತ್ತದೆ ಎಂಬುದು ಮೊದಲೇ ತಿಳಿದಿದ್ದರೆ ಪೋಷಕರೊಂದಿಗೆ ಅದರ ಮಾತನ್ನು ಹೊರಡುವ ಮುಂಚೆಯೇ ಆಡಬಹುದು.

ಮುಂದಿನ ಜನಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. ಈಗ ತರಬೇತಿಯಲ್ಲಿರುವ ನಮ್ಮಲ್ಲಿ ಕೆಲವರು ಅಷ್ಟರಲ್ಲಿ ಶಾಲೆಗಳಲ್ಲಿರುತ್ತೇವೆ, ಕೈಗೆ ಗಣತಿಯ ಕೆಲಸವೂ ಬರಬಹುದು. ಸರ್ಕಾರದ ನಮೂನೆಯನ್ನು ಬದಲಿಸುವ ಅಧಿಕಾರ ನಮಗಿಲ್ಲ. ಆದರೆ ಕೀಲಿ ಹಾಕಿದ ಮನೆ ಕಂಡಾಗ ಪಕ್ಕದ ಮನೆಯವರನ್ನು ‘ಇವರು ಎಲ್ಲಿಗೆ ಹೋಗ್ಯಾರ, ಯಾವಾಗ ಬರ್ತಾರ?’ ಎಂದು ಕೇಳಿ, ಆ ಮನೆಯ ಮಕ್ಕಳ ವಿಷಯವನ್ನು ನಮ್ಮ ಶಾಲೆಯ ಮುಖ್ಯ ಶಿಕ್ಷಕರಿಗೆ ತಿಳಿಸಲು ಯಾವ ನಮೂನೆಯೂ ಬೇಕಿಲ್ಲ.