ಬಾಟಲಿ ಮೇಲೆ ‘ವಿಧವೆ’ ಅಂತ ಬರೆಸಿದವಳು

ಕಾರ್ ರೇಸ್ ಗೆದ್ದವರ ಪೋಡಿಯಂ ಇರಲಿ, ಫ್ರೆಂಡ್ಸ್ ಜತೆಗಿನ ಪ್ರಮೋಷನ್ ಪಾರ್ಟಿ ಇರಲಿ, ಟಪ್ ಅಂತ ಬಿರಡೆ ಹಾರಿ ನೊರೆ ಉಕ್ಕಿದರೆ ನಮ್ಮ ಪಾಲಿಗೆ ಅದು ಶಾಂಪೇನ್. ಏರ್‌ಪೋರ್ಟಿನ ಡ್ಯೂಟಿ ಫ್ರೀ ಅಂಗಡಿಯಲ್ಲಿ ಹಳದಿ ಲೇಬಲ್ಲಿನ ಬಾಟಲಿಯೊಂದು ನಿಮ್ಮ ಕಣ್ಣಿಗೂ ಬಿದ್ದಿರಬಹುದು. ಅದರ ಹೆಸರು ‘ವೂವ್ ಕ್ಲಿಕೊ’. ಫ್ರೆಂಚ್ ಭಾಷೆಯಲ್ಲಿ ವೂವ್ ಅಂದರೆ ವಿಧವೆ!

ನಮ್ಮಲ್ಲಿ ಒಳ್ಳೆ ಕೆಲಸಕ್ಕೆ ಹೊರಟಾಗ ವಿಧವೆ ಎದುರು ಬಂದರೆ ಅಪಶಕುನ ಅಂತಿದ್ದ ಕಾಲ ತೀರಾ ಹಳೆಯದೇನಲ್ಲ. ಅಲ್ಲಿ ನೋಡಿದರೆ ಮದುವೆ, ಹುಟ್ಟುಹಬ್ಬ, ಹೊಸ ವರ್ಷಕ್ಕೆಲ್ಲ ವಿಧವೆಯ ಹೆಸರು ಹೊತ್ತ ಬಾಟಲಿಯನ್ನೇ ತೆರೆಯುತ್ತಾರೆ. ಇದು ಕುಡಿಯಿರಿ ಅನ್ನುವ ಲೇಖನವಲ್ಲ. ಆ ಹೆಸರಿನ ಹಿಂದಿರುವ ಹೆಣ್ಣುಮಗಳ ಕಥೆ.

ಇಪ್ಪತ್ತೇಳಕ್ಕೇ ಒಂಟಿ

ಬಾರ್ಬ್-ನಿಕೋಲ್ ಪೊನ್ಸಾರ್ಡಾ ಹುಟ್ಟಿದ್ದು 1777ರಲ್ಲಿ, ಫ್ರಾನ್ಸಿನ ಶಾಂಪೇನ್ ಪ್ರಾಂತ್ಯದ ರೀಮ್ಸ್ ಊರಿನಲ್ಲಿ. ಅಪ್ಪ ಬಟ್ಟೆ ಉದ್ಯಮಿ. 1798ರಲ್ಲಿ ಫ್ರಾನ್ಸ್ವಾ ಕ್ಲಿಕೊ ಜತೆ ಮದುವೆ ಆಯಿತು. ಗಂಡನ ಮನೆಯವರದ್ದು 1772ರಲ್ಲಿ ಶುರುವಾದ ವೈನ್ ವ್ಯಾಪಾರ. 1805ರಲ್ಲಿ ಜ್ವರ ಬಂದು ಫ್ರಾನ್ಸ್ವಾ ತೀರಿಕೊಂಡಾಗ ಆಕೆಗೆ 27 ವರ್ಷ, ಮಗಳಿಗೆ ಆರು.

ಮಗನನ್ನು ಕಳಕೊಂಡ ಮಾವನಿಗೆ ಜೀವನವೇ ಸಾಕು ಅನ್ನಿಸಿತ್ತು. ವ್ಯಾಪಾರ ಮುಚ್ಚಿಬಿಡೋಣ ಅಂದರು. ಸೊಸೆ ಒಪ್ಪಲಿಲ್ಲ, ‘ನಾನು ನಡೆಸುತ್ತೇನೆ’ ಅಂತ ಕೂತಳು. ಆಗಿನ ಫ್ರೆಂಚ್ ಕಾನೂನಿನ ವಿಚಿತ್ರ ನೋಡಿ: ಮದುವೆಯಾದ ಹೆಂಗಸು ಗಂಡನ ಒಪ್ಪಿಗೆಯಿಲ್ಲದೆ ವ್ಯಾಪಾರ ಮಾಡುವಂತಿಲ್ಲ, ವಿಧವೆಯಾದರೆ ಮಾಡಬಹುದು. ಸಮಾಜ ಯಾವುದನ್ನು ದುರದೃಷ್ಟ ಅಂತ ಕರೆಯಿತೋ, ಆಕೆಗೆ ಸಹಿ ಹಾಕುವ ಹಕ್ಕು ಬಂದದ್ದು ಅದರಿಂದಲೇ.

ಮಾವ ಒಂದು ಷರತ್ತು ಹಾಕಿದರು. ಅಲೆಕ್ಸಾಂಡರ್ ಫೂರ್ನೋ ಎಂಬ ಅನುಭವಿ ವೈನ್ ತಯಾರಕನ ಜತೆ ಪಾಲುದಾರಳಾಗಿ ಮೊದಲು ಕೆಲಸ ಕಲಿಯಬೇಕು. ನಾಲ್ಕು ವರ್ಷ ಕಲಿತಳು. ಲಾಭವೇನೂ ಬರಲಿಲ್ಲ. ನೆಪೋಲಿಯನ್ನನ ಯುದ್ಧಗಳಿಂದ ಬಂದರುಗಳೆಲ್ಲ ಮುಚ್ಚಿದ್ದವು, ಸರಕು ಹೊರದೇಶ ಮುಟ್ಟುವುದೇ ಕಷ್ಟವಾಗಿತ್ತು. ಪಾಲುದಾರಿಕೆ ಮುಗಿದ ಮೇಲೆ, 1810ರಲ್ಲಿ ತನ್ನದೇ ಹೆಸರಿನ ಸಂಸ್ಥೆ ನಿಲ್ಲಿಸಿದಳು: ವೂವ್ ಕ್ಲಿಕೊ-ಪೊನ್ಸಾರ್ಡಾ.

10,550 ಬಾಟಲಿಗಳ ಜೂಜು

1811ರಲ್ಲಿ ಆಕಾಶದಲ್ಲಿ ದೊಡ್ಡ ಧೂಮಕೇತು ಕಾಣಿಸಿತು. ಆ ವರ್ಷ ದ್ರಾಕ್ಷಿಯೂ ಸೊಗಸಾಗಿ ಬಂತು. ಆದರೆ ಮಾರುವುದು ಯಾರಿಗೆ? ದೊಡ್ಡ ಗಿರಾಕಿ ಅಂದರೆ ರಷ್ಯಾ, ಅಲ್ಲಿ ಫ್ರೆಂಚ್ ಶಾಂಪೇನ್‌ಗೆ ನಿಷೇಧ.

1814ರ ಏಪ್ರಿಲ್‌ನಲ್ಲಿ ನೆಪೋಲಿಯನ್ ಪಟ್ಟ ಬಿಟ್ಟ. ಬೇರೆ ವ್ಯಾಪಾರಿಗಳು ದಾರಿ ಸರಿಯಾಗಿ ತೆರೆಯಲಿ ಅಂತ ಕಾಯುತ್ತಿದ್ದರು. ಬಾರ್ಬ್-ನಿಕೋಲ್ ಕಾಯಲಿಲ್ಲ. ಸದ್ದಿಲ್ಲದೆ ಹಡಗು ಗೊತ್ತುಮಾಡಿ 10,550 ಬಾಟಲಿ ಏರಿಸಿದಳು, ಜತೆಗೆ ನಂಬಿಕೆಯ ಮಾರಾಟಗಾರ ಲೂಯಿ ಬೋನ್‌ನನ್ನು ಕಳಿಸಿದಳು. ಹಡಗು ತಡೆಯಲ್ಪಟ್ಟರೆ, ಬೇಸಿಗೆಯ ಶಾಖಕ್ಕೆ ಬಾಟಲಿಗಳು ಒಡೆದರೆ, ಮನೆ ಮುಳುಗಿದಂತೆಯೇ. ಆದರೆ ಸರಕು ಬಾಲ್ಟಿಕ್ ತೀರದ ಕೊನಿಗ್ಸ್‌ಬರ್ಗ್ ಬಂದರಿಗೆ ಸುರಕ್ಷಿತವಾಗಿ ಮುಟ್ಟಿತು. ಪ್ರತಿಸ್ಪರ್ಧಿಗಳು ಕಣ್ಣುಬಿಡುವ ಹೊತ್ತಿಗೆ ಜನ ಮುಗಿಬಿದ್ದು ಕೊಂಡಿದ್ದರು. ಆಮೇಲೆ ರಷ್ಯಾದಲ್ಲಿ ಶಾಂಪೇನ್ ಅಂದರೆ ‘ಕ್ಲಿಕೊ’ ಅನ್ನುವಷ್ಟು ಹೆಸರಾಯಿತು.

ಗುಳ್ಳೆ ಬರೋದು ಎಲ್ಲಿಂದ?

ಸೋಡಾಕ್ಕೆ ಗ್ಯಾಸ್ ತುಂಬಿದ ಹಾಗೆ ಇದಕ್ಕೆ ತುಂಬುವುದಿಲ್ಲ. ದ್ರಾಕ್ಷಿಯನ್ನು ಕೈಯಲ್ಲೇ ಕೊಯ್ಯಬೇಕು, ಯಂತ್ರ ಬಳಸುವಂತಿಲ್ಲ. ಮುಖ್ಯವಾಗಿ ಶಾರ್ಡನೆ, ಪಿನೋ ನ್ವಾರ್, ಮೂನಿಯೆ ಎಂಬ ಮೂರು ತಳಿಗಳು. ರಸ ಹುದುಗು ಬಂದು ಮೊದಲು ಸಾದಾ ವೈನ್ ಆಗುತ್ತದೆ. ಬೇರೆ ಬೇರೆ ತೋಟದ, ಬೇರೆ ಬೇರೆ ವರ್ಷದ ವೈನ್‌ಗಳನ್ನು ಹದವಾಗಿ ಬೆರೆಸುತ್ತಾರೆ. ಆಮೇಲೆ ಬಾಟಲಿಗೆ ತುಂಬಿ, ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ ಮತ್ತು ಯೀಸ್ಟ್ ಸೇರಿಸಿ ಮುಚ್ಚಿಬಿಡುತ್ತಾರೆ. ಯೀಸ್ಟ್ ಸಕ್ಕರೆ ತಿಂದು ಗಾಳಿ ಬಿಡುತ್ತದೆ. ಹೊರಗೆ ಹೋಗಲು ದಾರಿಯಿಲ್ಲ, ವೈನಿನಲ್ಲೇ ಕರಗುತ್ತದೆ. ಬಿರಡೆ ತೆಗೆದಾಗ ಗುಳ್ಳೆಯಾಗಿ ಏಳುವುದು ಅದೇ.

ಒಳಗಿನ ಒತ್ತಡ ಐದಾರು ಅಟ್ಮಾಸ್ಫಿಯರ್, ನಮ್ಮ ಕಾರಿನ ಟೈರಿಗಿಂತ ಎರಡು ಪಟ್ಟಿಗೂ ಹೆಚ್ಚು. ಆಗಿನ ಕಾಲದ ಗಾಜು ಇದನ್ನು ತಡೆಯದೆ ಸಿಡಿಯುತ್ತಿತ್ತು. ನೆಲಮಾಳಿಗೆಯ ಕೆಲಸಗಾರರು ಮುಖಕ್ಕೆ ಕಬ್ಬಿಣದ ಜಾಲರಿ ಕಟ್ಟಿಕೊಂಡು ಓಡಾಡುತ್ತಿದ್ದರಂತೆ.

ಮೇಜಿನ ತೂತಲ್ಲಿ ಸಿಕ್ಕ ಉತ್ತರ

ಇನ್ನೊಂದು ತಲೆನೋವಿತ್ತು. ಕೆಲಸ ಮುಗಿಸಿ ಸತ್ತ ಯೀಸ್ಟ್ ತಳದಲ್ಲಿ ಗಷ್ಟಾಗಿ ಕೂರುತ್ತದೆ, ಅಲ್ಲಾಡಿಸಿದರೆ ವೈನ್ ಮಂಕಾಗುತ್ತದೆ. ಇನ್ನೊಂದು ಬಾಟಲಿಗೆ ಬಗ್ಗಿಸಿದರೆ ಗುಳ್ಳೆಯೇ ಹೋಗುತ್ತದೆ. ತನ್ನ ಮನೆಯ ಮೇಜೊಂದನ್ನು ನೆಲಮಾಳಿಗೆಗೆ ಇಳಿಸಿ, ಅದಕ್ಕೆ ತೂತು ಕೊರೆಸಿ, ಬಾಟಲಿಗಳನ್ನು ಕತ್ತು ಕೆಳಗೆ ಮಾಡಿ ಬಾರ್ಬ್-ನಿಕೋಲ್ ನಿಲ್ಲಿಸಿದಳು ಅನ್ನುತ್ತಾರೆ. ದಿನವೂ ಸ್ವಲ್ಪ ಸ್ವಲ್ಪ ತಿರುಗಿಸುತ್ತ ಹೋದರೆ ಗಷ್ಟೆಲ್ಲ ಜಾರಿ ಬಿರಡೆಯ ಬಳಿ ಬಂದು ನಿಲ್ಲುತ್ತದೆ. ಆಗ ಬಿರಡೆ ತೆಗೆದರೆ ಒತ್ತಡಕ್ಕೆ ಗಷ್ಟು ತಾನೇ ಹೊರಗೆ ಹಾರುತ್ತದೆ. ಇದು 1816ರ ಮಾತು. ಉಸ್ತುವಾರಿ ನೋಡುತ್ತಿದ್ದ ಆಂಟನ್ ಮುಲ್ಲರ್ ಕೂಡ ಈ ಪ್ರಯೋಗದಲ್ಲಿ ಕೈಜೋಡಿಸಿದ್ದ. ಈಗ ಯಂತ್ರಗಳೇ ಬಾಟಲಿ ತಿರುಗಿಸುತ್ತವೆ, ಕತ್ತಿನ ಭಾಗವನ್ನು ಹೆಪ್ಪುಗಟ್ಟಿಸಿ ಗಷ್ಟು ತೆಗೆಯುತ್ತಾರೆ. ಉಪಾಯ ಮಾತ್ರ ಅದೇ.

2010ರಲ್ಲಿ ಬಾಲ್ಟಿಕ್ ಸಮುದ್ರದ ಓಲಂಡ್ ದ್ವೀಪಗಳ ಬಳಿ ಮುಳುಗಿದ್ದ ಹಳೇ ಹಡಗಿನಲ್ಲಿ 168 ಬಾಟಲಿ ಶಾಂಪೇನ್ ಸಿಕ್ಕಿತು. ಕೆಲವು ಈಕೆಯ ಸಂಸ್ಥೆಯವು, ಸುಮಾರು 170 ವರ್ಷ ಹಳೆಯವು. ಪರೀಕ್ಷೆ ಮಾಡಿದರೆ ಲೀಟರಿಗೆ ಹತ್ತಿರ ಹತ್ತಿರ 150 ಗ್ರಾಂ ಸಕ್ಕರೆ! ಇವತ್ತಿನ ‘ಬ್ರೂಟ್’ ಶಾಂಪೇನ್‌ನಲ್ಲಿ 12 ಗ್ರಾಂ ಮೀರುವಂತಿಲ್ಲ. ಆಗಿನವರ ನಾಲಿಗೆಗೆ ಅದು ಪಾನಕದಷ್ಟು ಸಿಹಿ ಇರಬೇಕಿತ್ತು.

ನಂದಿಬೆಟ್ಟದ ನಂಟು

ಶಾಂಪೇನ್ ಪ್ರಾಂತ್ಯದಲ್ಲಿ ತಯಾರಾದದ್ದಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ, ನಂಜನಗೂಡಿನ ರಸಬಾಳೆ ಇದ್ದ ಹಾಗೆ. ಉಳಿದದ್ದೆಲ್ಲ ಸ್ಪಾರ್ಕ್ಲಿಂಗ್ ವೈನ್. ಆದರೆ ಆ ನಾಡಿನ ಜ್ಞಾನ ನಮ್ಮವರೆಗೂ ಬಂದಿದೆ. ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ತಪ್ಪಲಲ್ಲಿ ಕನ್ವಲ್ ಗ್ರೋವರ್ ವೈನ್ ದ್ರಾಕ್ಷಿ ಬೆಳೆಸಲು ಹೊರಟಾಗ ಜತೆ ನಿಂತವರು ಶಾಂಪೇನ್ ಪ್ರಾಂತ್ಯದ ಜಾರ್ಜ್ ವೆಸೆಲ್.

ಬಾರ್ಬ್-ನಿಕೋಲ್ ಮತ್ತೆ ಮದುವೆಯಾಗಲಿಲ್ಲ. ಆಗಿದ್ದರೆ ಸಹಿಯ ಹಕ್ಕು ಮತ್ತೆ ಗಂಡನ ಕೈಗೆ ಹೋಗುತ್ತಿತ್ತು. 1866ರಲ್ಲಿ, 88ನೇ ವಯಸ್ಸಿನಲ್ಲಿ ತೀರಿಕೊಂಡಳು. ಸಂಸ್ಥೆ ಈಗ ಎಲ್‌ವಿಎಂಎಚ್ ಎಂಬ ದೊಡ್ಡ ಕಂಪನಿಯ ಪಾಲಾಗಿದೆ. ಮಾಲೀಕರು ಬದಲಾದರೂ ಲೇಬಲ್ಲಿನಿಂದ ‘ವಿಧವೆ’ ಅನ್ನುವ ಪದವನ್ನು ಯಾರೂ ತೆಗೆದಿಲ್ಲ.

ಗಂಡ ಹೋದ ಮೇಲೆ ಅಂಗಡಿಯನ್ನೋ ತೋಟವನ್ನೋ ತಾವೇ ನಿಂತು ನಡೆಸಿದ ಅಜ್ಜಿ, ದೊಡ್ಡಮ್ಮ ನಿಮ್ಮ ಮನೆಯಲ್ಲೂ ಇದ್ದಾರಾ? ಅವರ ಕಥೆಯನ್ನು ನಮ್ಮ ಓದುಗರ ಅಂಕಣಕ್ಕೆ ಬರೆದು ಕಳಿಸಿ.